ಪಲ್ಲವಿಯನ್ನು ಯಾಕೆ ಕತ್ತರಿಸಿದಿರಿ?

ಗದಗಿನ ಗೆಳೆಯರಿಗೆ ನಮಸ್ಕಾರ.

ಹಾಡು ಕಟ್ಟಿ ಹಾಡುವವರಿಗೂ ರಾಷ್ಟ್ರಕವಿ ಬಿರುದು ಸಲ್ಲಬೇಕು ಎಂಬ ನಿಮ್ಮ ಲೇಖನ ತಲುಪಿತು. ನಿಮ್ಮ ಕಡೆಯ ಯುವ ಗಾಯಕನೊಬ್ಬ ತಾನೇ ಬರೆದು, ಗಿಟಾರ್ ಹಿಡಿದು ಹಾಡುವ ಒಂದು ಪದವನ್ನು ಮುಂದಿಟ್ಟು ವಾದಿಸಿದ್ದೀರಿ. ಭಾಷೆ ಚಲೋ ಇದೆ, ಕಳಕಳಿಯೂ ಇದೆ. ಹಾಡುಗಾರ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಈ ರೂಪದಲ್ಲಿ ಲೇಖನವನ್ನು ಅಚ್ಚು ಹಾಕಲಾರೆ.

ಮೂರನೆಯ ಪುಟದಲ್ಲಿ ಹಾಡನ್ನು ಉದ್ಧರಿಸಿ, ‘ಪಲ್ಲವಿ ಪದೇ ಪದೇ ಬರುವುದರಿಂದ ಕೈಬಿಟ್ಟಿದ್ದೇನೆ’ ಎಂದು ಬರೆದಿದ್ದೀರಿ. ಓದಿ ನನಗೆ ನಿಜವಾಗಿಯೂ ಸಿಟ್ಟು ಬಂತು. ನೀವು ಕಳಿಸಿದ ಧ್ವನಿಮುದ್ರಣ ಕೇಳಿ ಹಾಡನ್ನು ಪೂರ್ತಿ ಬರೆದುಕೊಂಡೆ. ಪಲ್ಲವಿ ಒಂದೇ ಸಾಲು:

ಬಾಗಿಲ ತೆರದೈತಿ ಬರತೀ ಏನ

ಮೊದಲ ನುಡಿ ‘ಮಗ ಬೆಂಗಳೂರಾಗ, ಹೊಲ ಬಡ್ಡ್ಯಾಗ’ ಎಂದು ಮುಗಿದು ಪಲ್ಲವಿಗೆ ಬರುತ್ತದೆ. ಅಲ್ಲಿ ತಾಯಿ ಮಗನನ್ನು ಕರೆಯುತ್ತಾಳೆ. ಎರಡನೆಯ ನುಡಿಯ ಕೊನೆ ‘ಮೋಡ ಮಣ್ಣ ಮೂಸಿ ಹ್ವಾದವು’. ಈಗ ಅದೇ ಸಾಲು ಮಳೆಯನ್ನು ಕರೆಯುತ್ತದೆ. ಮೂರನೆಯದರಲ್ಲಿ ‘ಎಣ್ಣಿ ತೀರಿ ಬತ್ತಿ ಹೊಗಿಯಾತು’ ಎಂದ ಮೇಲೆ ಬಾಗಿಲು ತೆರೆದಿರುವುದು ಸಾವಿಗೆ. ಒಂದಕ್ಷರವೂ ಬದಲಾಗದೆ ಕರೆ ಮೂರು ಕಡೆ ಹೊರಳಿತು. ಈ ಹುಡುಗ ಕವಿ ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ನಿಮ್ಮ ಲೇಖನದಲ್ಲಿ ಬೇರೆ ಇಲ್ಲ. ಅದನ್ನೇ ತೆಗೆದುಹಾಕಿ, ಮೋಡದ ಸಾಲಿನ ಮುಂದೆ ‘ಅದ್ಭುತ ಪ್ರತಿಮೆ’ ಎಂದು ಷರಾ ಬರೆದಿದ್ದೀರಿ.

‘ಕಾಗದದ ಮೇಲೂ ಛಂದಸ್ಸು ಎಲ್ಲಿಯೂ ತಪ್ಪಿಲ್ಲ’ ಎಂದೂ ಹೇಳಿದ್ದೀರಿ. ಎಣಿಸಿ ನೋಡಿ. ಬಾಗಿಲ ನಾಲ್ಕು ಮಾತ್ರೆ, ತೆರದೈತಿ ಐದು, ಬರತೀ ನಾಲ್ಕು, ಏನ ಮೂರು. ನಾಲ್ಕು ನಾಲ್ಕು ಮಾತ್ರೆಯ ನಡೆ ತಪ್ಪಿ ಕಾಗದದ ಮೇಲೆ ಸಾಲು ಕುಂಟುತ್ತದೆ. ಹಾಡುವಾಗ ಆತ ‘ದೈ’ಯನ್ನು ಗಿಡ್ಡ ಮಾಡಿ ಒಂದು ಮಾತ್ರೆ ಉಳಿಸುತ್ತಾನೆ, ‘ಏನ’ವನ್ನು ಎಳೆದು ಅದನ್ನು ತುಂಬುತ್ತಾನೆ. ಆ ಎಳೆತದಲ್ಲೇ ಪ್ರಶ್ನೆ ಬೇಡಿಕೆಯಾಗುತ್ತದೆ. ಇದನ್ನು ದೋಷವೆಂದು ಮುಚ್ಚಬೇಕಿರಲಿಲ್ಲ, ಬಿಡಿಸಿ ತೋರಿಸಬೇಕಿತ್ತು.

ನಾನು ಕರಡು ತಿದ್ದಲು ಕಲಿಯುವಾಗ ಹಾಡಿನ ಲೇಖನ ಬಂದರೆ ಹಿರಿಯರು ಒಂದು ಕ್ರಮ ಹಾಕಿಕೊಟ್ಟಿದ್ದರು: ಪುನರಾವರ್ತನೆ ಸಹಿತ ಪೂರ್ತಿ ಬರೆದುಕೋ, ಪೆನ್ಸಿಲ್ಲಿನಲ್ಲಿ ಗಣ ವಿಭಾಗಿಸು, ಧಾಟಿ ಬಿಟ್ಟು ಒಮ್ಮೆ ಗಟ್ಟಿಯಾಗಿ ಓದು, ಆಮೇಲೆ ಕೇಳು. ಓದಿಗೂ ಹಾಡಿಗೂ ಎಲ್ಲಿ ವ್ಯತ್ಯಾಸ ಬರುತ್ತದೋ ಅಲ್ಲಿ ಗೀಟು ಹಾಕು. ಬರೆಯಬೇಕಾದದ್ದು ಆ ಗೀಟುಗಳ ಬಗ್ಗೆ.

ಇನ್ನು ಐದನೆಯ ಪುಟ. ‘ನಮ್ಮ ರಾಷ್ಟ್ರಕವಿ ಬೇಂದ್ರೆ’ ಎಂಬುದನ್ನು ಧಾರವಾಡದಲ್ಲಿ ಕುಳಿತು ಹೇಗೆ ಬಿಡಲಿ? ಜನ ಅವರನ್ನು ವರಕವಿ ಎಂದರು. ‘ನಾಕುತಂತಿ’ಗೆ 1973ರ ಜ್ಞಾನಪೀಠ ಬಂತು. ರಾಷ್ಟ್ರಕವಿ ಎನಿಸಿದವರು ಗೋವಿಂದ ಪೈ (1949), ಕುವೆಂಪು (1964), ಜಿ.ಎಸ್. ಶಿವರುದ್ರಪ್ಪ (2006). ಹಾಡುಗಾರ ಬಾಬ್ ಡಿಲನ್ ಅಮೆರಿಕದ ರಾಷ್ಟ್ರಕವಿಯಾದರು ಎಂಬುದೂ ತಪ್ಪು. ಅವರಿಗೆ 2016ರಲ್ಲಿ ಸಂದದ್ದು ಸಾಹಿತ್ಯದ ನೊಬೆಲ್, ಕೊಟ್ಟದ್ದು ಸ್ವೀಡಿಷ್ ಅಕಾಡೆಮಿ. ಅಮೆರಿಕದ ಆ ಹುದ್ದೆಗೆ ಆಯ್ಕೆ ಮಾಡುವವರು ಲೈಬ್ರರಿ ಆಫ್ ಕಾಂಗ್ರೆಸ್‌ನ ಮುಖ್ಯಸ್ಥರು. 2019ರಲ್ಲಿ ಆಯ್ಕೆಯಾದ ಜಾಯ್ ಹಾರ್ಜೊ ಸ್ಯಾಕ್ಸೊಫೋನ್ ನುಡಿಸುತ್ತಾರೆ, ಹಾಡುತ್ತಾರೆ. ಆದರೆ ಅವರ ಹೆಸರಿನಲ್ಲಿ ಕವನ ಸಂಕಲನಗಳೂ ಇದ್ದವು. ನಿಮ್ಮ ವಾದಕ್ಕೆ ಹತ್ತಿರದ ಉದಾಹರಣೆ ಅದು, ತೊಡಕಿನದೂ ಹೌದು. ಅದನ್ನು ಎದುರಿಸಿ ಬರೆಯಿರಿ.

ಶಿಶುನಾಳ ಷರೀಫರ ಹೆಸರನ್ನು ಬರೀ ಆಸರೆಗೆ ತಂದಿದ್ದೀರಿ. 1889ರಲ್ಲಿ ತೀರಿಕೊಂಡವರ ಪದಗಳು ಇಂದಿಗೂ ಶಿಶುನಾಳಧೀಶ ಅಂಕಿತದೊಂದಿಗೆ ಯಾರ ಯಾರದೋ ಬಾಯಲ್ಲಿವೆ. ನಿಮ್ಮ ಗಾಯಕನಿಗೂ ಆ ಪರೀಕ್ಷೆ ಒಡ್ಡಿ. ಊರಿನ ಭಜನಾ ಮೇಳದವರಿಗೆ ಈ ಪದ ಕೊಟ್ಟು, ಗಿಟಾರ್ ಇಲ್ಲದೆ, ಪೇಟಿ, ತಾಳ, ದಮ್ಮಡಿಯ ಮೇಲೆ ಹಾಡಿಸಿ. ಅವರು ಯಾವ ಶಬ್ದ ಬದಲಿಸಿಕೊಂಡರು, ಎಲ್ಲಿ ಉಸಿರು ಸಾಲಲಿಲ್ಲ ಎಂಬುದನ್ನು ಬರೆದುಕೊಳ್ಳಿ. ಆತನ ದನಿ ಇಲ್ಲದೆಯೂ ಪದ ನಿಂತರೆ ಬಿರುದಿನ ಮಾತು ಎತ್ತಲು ನಿಮಗೆ ಆಧಾರ ಸಿಕ್ಕಂತೆ.

ತಿದ್ದಿದ ಪ್ರತಿಯ ಜೊತೆಗೆ ಗಾಯಕನ ಒಪ್ಪಿಗೆ ಪತ್ರವನ್ನೂ ಕಳಿಸಿ. ಹಾಡು ಪೂರ್ತಿ ಅಚ್ಚಾಗಬೇಕಾದರೆ ಅದು ಬೇಕು. ಪುಟ ಸಾಲದಿದ್ದರೆ ಡಿಲನ್ ಭಾಗ ಕಡಿಮೆ ಮಾಡಿ, ಪಲ್ಲವಿಗೆ ಕೈ ಹಚ್ಚಬೇಡಿ.