ಹಳೆಯ ಸಾಟಾ ಕಂಪ್ಯೂಟರ್‌ಗಳಿಗೆ ಈಗಲೂ ಎಸ್‌ಎಸ್‌ಡಿ ತಯಾರಿಸಬೇಕಾ?

ಖಂಡಿತ ತಯಾರಿಸಬೇಕು. ಎಸ್‌ಎಸ್‌ಡಿ ಅಂದರೆ ಚಿಪ್‌ಗಳಲ್ಲಿ ಫೈಲ್ ಇಡುವ ಡ್ರೈವ್, ಸಾಟಾ ಅಂದರೆ ಡ್ರೈವನ್ನು ಕಂಪ್ಯೂಟರಿಗೆ ಜೋಡಿಸುವ ಹಳೆಯ ಬಗೆಯ ಕನೆಕ್ಷನ್. ಅದಕ್ಕಿಂತ ವೇಗದ ಕನೆಕ್ಷನ್ ಬಳಸುವ ಹೊಸ ಎನ್‌ವಿಎಂಇ ಎಸ್‌ಎಸ್‌ಡಿಗಳು ಸೆಕೆಂಡಿಗೆ 3,500 ಎಂಬಿ ಓದುತ್ತವೆ, ಕೆಲವು ಇನ್ನೂ ಜಾಸ್ತಿ. ಹಳೆಯ ಸಾಟಾ ಕನೆಕ್ಷನ್ 550ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ, ನಿಜ. ಆದರೆ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್ ತೆವಳುವುದು ಸಾಟಾದಿಂದಲ್ಲ.

ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗುತ್ತಿರುತ್ತದೆ, ಅದರ ಮೇಲೆ ಒಂದು ಪುಟ್ಟ ಕೈ ಅತ್ತಿಂದಿತ್ತ ಓಡಾಡಿ ಬೇಕಾದ ಜಾಗ ಹುಡುಕುತ್ತದೆ. ಒಂದು ಹುಡುಕಾಟಕ್ಕೆ ಸುಮಾರು 10 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ ನೂರು ಸಲ ಹುಡುಕಿದರೆ ಹೆಚ್ಚು. ಕಂಪ್ಯೂಟರ್ ಶುರುವಾಗುವಾಗ ಬೇಕಾಗುವುದು ಎಲ್ಲೆಲ್ಲೋ ಚದುರಿರುವ ಸಾವಿರಾರು ಚಿಕ್ಕ ಚಿಕ್ಕ ಫೈಲ್‌ಗಳು, ಅಲ್ವಾ? ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಓಡಾಡುವ ಕೈಯೂ ಇಲ್ಲ. ಹಾಗಾಗಿ ಸಾಟಾದಲ್ಲೇ ಹಾಕಿದರೂ ಆ ಕಾಯುವಿಕೆ ಹೆಚ್ಚುಕಡಿಮೆ ಮಾಯವಾಗುತ್ತದೆ.

ನಮ್ಮ ಮನೆಯ 2012ರ ಲ್ಯಾಪ್‌ಟಾಪ್ ಆನ್ ಮಾಡಿ, ಒಳಗೆ ಹೋಗಿ ಕಾಫಿ ಸೋಸಿಕೊಂಡು ಬಂದರೂ ಪರದೆ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಹಿಂದಿನ ಸ್ಕ್ರೂ ಬಿಚ್ಚಿ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಕೂರಿಸಿದೆ. ಈಗ ಅರ್ಧ ನಿಮಿಷ ಸಾಕು. ಅದರಲ್ಲಿ ಎನ್‌ವಿಎಂಇ ಹಾಕುವ ಜಾಗವೇ ಇಲ್ಲ, ಸಾಟಾ ಡ್ರೈವ್ ಸಿಗದಿದ್ದರೆ ಸುಮ್ನೆ ಗುಜರಿಗೆ ಹೋಗುತ್ತಿತ್ತು.

ಸಾಟಾವನ್ನು ಇನ್ನಷ್ಟು ವೇಗ ಮಾಡಿ ಅಂತ ಯಾರೂ ಕೇಳುತ್ತಿಲ್ಲ. ಈಗಿರುವ ಸಾಟಾ ಡ್ರೈವ್ ಅಂಗಡಿಯಲ್ಲಿ ಕೈಗೆಟುಕುವ ಬೆಲೆಗೆ ಸಿಗುತ್ತಿರಲಿ, ಅಷ್ಟೇ. ಹೊಸ ಕಂಪ್ಯೂಟರ್‌ಗಳಲ್ಲಿ ಹೊಂದುವ ಡ್ರೈವ್ ಸಿಗದ ತೊಂದರೆ ಕಡಿಮೆ, ಯಾಕಂದ್ರೆ ಎನ್‌ವಿಎಂಇ ಡ್ರೈವ್‌ಗಳು ಬಳಸುವ ಪಿಸಿಐಇ ಕನೆಕ್ಷನ್‌ನಲ್ಲಿ ಹೊಸ 4.0 ಡ್ರೈವನ್ನು ಹಳೆಯ 3.0 ಸ್ಲಾಟಿಗೆ ಹಾಕಿದರೂ ಓಡುತ್ತದೆ, ವೇಗ ಮಾತ್ರ ಇಳಿಯುತ್ತದೆ.