ಆ ಎಂಟು ವರ್ಷಗಳ ಬಗ್ಗೆ ಬರೆಯಿರಿ

ಆತ್ಮೀಯರೇ, ನಮಸ್ಕಾರ.

ಪೂರ್ವ ಯುರೋಪಿನ ಯಹೂದಿಗಳ ಭಾಷೆಯಾದ ಯಿಡ್ಡಿಷ್‌ನಲ್ಲಿ ಎರಡನೇ ಮಹಾಯುದ್ಧದ ನಂತರ ಬಂದ ಎಡಪಂಥೀಯ ಪತ್ರಿಕೆಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಅದನ್ನು ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲ ಮೂರು ಪುಟ ಬರೀ ಪಟ್ಟಿ. ನ್ಯೂಯಾರ್ಕಿನ ಫೋರ್ವರ್ಟ್ಸ್, ಮೋರ್ಗನ್ ಫ್ರೈಹೈಟ್, ಪ್ಯಾರಿಸ್ಸಿನ ನಾಯೆ ಪ್ರೆಸೆ, ಮಾಸ್ಕೋದ ಐನಿಕೈಟ್, ವಾರ್ಸಾದ ಫೋಲ್ಕ್ಸ್ ಶ್ಟಿಮೆ. ಯಾವಾಗ ಶುರುವಾಯಿತು, ಯಾವಾಗ ನಿಂತಿತು, ಮುಂದಿನದಕ್ಕೆ ಹೋದಿರಿ. ಎಲ್ಲಕ್ಕೂ 'ಎಡಪಂಥೀಯ' ಅನ್ನುವ ಒಂದೇ ಚೀಟಿ ಅಂಟಿಸಿದ್ದೀರಿ. ಫೋರ್ವರ್ಟ್ಸ್ 1897ರಲ್ಲಿ ಹುಟ್ಟಿದ ಸಮಾಜವಾದಿ ಪತ್ರಿಕೆ. ಅದರ ಸಂಪಾದಕ ಅಬ್ರಹಾಂ ಕಹಾನ್ ಸೋವಿಯತ್ ಆಡಳಿತದ ಕಟು ಟೀಕಾಕಾರರು. ಫ್ರೈಹೈಟ್ 1922ರಲ್ಲಿ ಶುರುವಾದ ಕಮ್ಯುನಿಸ್ಟ್ ಪತ್ರಿಕೆ. ಎರಡೂ ಒಂದೇ ಊರಿನವು, ಭಾಷೆಯೂ ಒಂದೇ. ಎರಡನ್ನೂ ಓದುತ್ತಿದ್ದವರಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಗಳ ಕೆಲಸಗಾರರು ಜಾಸ್ತಿ. ಈ ಎರಡು ಪತ್ರಿಕೆಗಳ ನಡುವೆ ದಶಕಗಟ್ಟಲೆ ಜಗಳ ನಡೆಯಿತು. ಆ ಜಗಳ ನಿಮ್ಮ ಲೇಖನದಲ್ಲಿ ಎಲ್ಲೂ ಕೇಳಿಸುವುದಿಲ್ಲ.

ಯಿಡ್ಡಿಷ್ ಅನ್ನು 'ಜರ್ಮನ್ನಿನ ಒಂದು ಆಡುರೂಪ' ಎಂದು ಕರೆದಿದ್ದೀರಿ. ಅದನ್ನು ತೆಗೆಯಿರಿ. ಜರ್ಮನ್ ಬೇರಿನಿಂದ ಬಂದರೂ ಅದು ಬೇರೆಯೇ ಭಾಷೆ. ಹೀಬ್ರೂ ಮತ್ತು ಸ್ಲಾವಿಕ್ ಮಾತುಗಳು ಅದರಲ್ಲಿ ಬೆರೆತಿವೆ, ಬರೆಯುವುದು ಹೀಬ್ರೂ ಅಕ್ಷರಗಳಲ್ಲಿ. ಯುದ್ಧ ಮುಗಿದಾಗ ಜರ್ಮನಿಯಲ್ಲಿ ಆ ಅಕ್ಷರಗಳ ಅಚ್ಚುಮೊಳೆ ಸಿಗುವುದೇ ಕಷ್ಟವಾಗಿತ್ತು. ನಾಜಿಗಳ ಬೆರ್ಗೆನ್ ಬೆಲ್ಸೆನ್ ಶಿಬಿರದಲ್ಲಿ ಬದುಕುಳಿದ ಯಹೂದಿಗಳು 1945ರ ಜುಲೈಯಲ್ಲಿ ತಮ್ಮ ಪತ್ರಿಕೆಯನ್ನು ಕೈಯಲ್ಲಿ ಬರೆದು ಪ್ರತಿ ತೆಗೆದರು. ಯುದ್ಧದ ನಂತರ ನೆಲೆ ಕಳೆದುಕೊಂಡವರಿದ್ದ ಲಾಂಡ್ಸ್‌ಬರ್ಗ್ ಶಿಬಿರದ ಪತ್ರಿಕೆ ಯಿಡ್ಡಿಷ್ ಮಾತನ್ನು ಲ್ಯಾಟಿನ್ ಅಕ್ಷರಗಳಲ್ಲಿ ಅಚ್ಚುಹಾಕಿತು. ಅವು ಎಡಪಕ್ಷದ ಪತ್ರಿಕೆಗಳಲ್ಲ, ನಿಜ. ಆದರೂ ಒಂದು ಪ್ಯಾರಾ ಕೊಡಿ. ಊಟಕ್ಕೇ ಪರದಾಡುತ್ತಿದ್ದ ಜನಕ್ಕೂ ಪತ್ರಿಕೆ ಎಷ್ಟು ಬೇಕಾಗಿತ್ತು ಅನ್ನುವುದು ನಮ್ಮ ಓದುಗರಿಗೆ ಅಲ್ಲಿಂದ ಗೊತ್ತಾಗುತ್ತದೆ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಏಳನೇ ಪುಟದಲ್ಲಿ ನೀವು ಬರೆದದ್ದು ಇದು: 'ನಂತರ ಸ್ಟಾಲಿನ್ ಕಾಲದಲ್ಲಿ ಕೆಲವು ಯಿಡ್ಡಿಷ್ ಲೇಖಕರು ಕೊಲ್ಲಲ್ಪಟ್ಟರು.' ಒಂದೇ ಸಾಲು. 'ಕೊಲ್ಲಲ್ಪಟ್ಟರು' ಅಂದಾಗ ಕೊಂದವರು ಯಾರು ಅನ್ನುವುದು ಮರೆಯಾಗುತ್ತದೆ, ಅಲ್ವಾ? 'ಕೆಲವು' ಅಂದಾಗ ಸತ್ತವರ ಹೆಸರೂ ಹೋಯಿತು.

1943ರಲ್ಲಿ ಯಿಡ್ಡಿಷ್ ರಂಗಭೂಮಿಯ ನಟ ಸೊಲೊಮನ್ ಮಿಖೋಯೆಲ್ಸ್ ಮತ್ತು ಯಿಡ್ಡಿಷ್ ಕವಿ ಇತ್ಸಿಕ್ ಫೆಫರ್ ಮಾಸ್ಕೋದಿಂದ ನ್ಯೂಯಾರ್ಕಿಗೆ ಬಂದಿದ್ದರು. ಪೋಲೋ ಗ್ರೌಂಡ್ಸ್ ಮೈದಾನದಲ್ಲಿ ಅವರನ್ನು ನೋಡಲು ಸುಮಾರು 50,000 ಜನ ಸೇರಿದರು. ಐದು ವರ್ಷ ಕಳೆಯಿತು. 1948ರ ಜನವರಿಯಲ್ಲಿ ಸ್ಟಾಲಿನ್ನನ ಪೊಲೀಸರು ಮಿಖೋಯೆಲ್ಸ್ ಅವರನ್ನು ಮಿನ್ಸ್ಕ್‌ನಲ್ಲಿ ಕೊಂದು, ರಸ್ತೆ ಅಪಘಾತ ಎಂದು ತೋರಿಸಿದರು. ನವೆಂಬರಿನಲ್ಲಿ ಮಾಸ್ಕೋದ ಐನಿಕೈಟ್ ಪತ್ರಿಕೆಯನ್ನು ಮುಚ್ಚಿಸಿದರು. ಆ ಹೆಸರಿನ ಅರ್ಥ ಒಗ್ಗಟ್ಟು. ಯಿಡ್ಡಿಷ್ ಲೇಖಕರಾದ ಫೆಫರ್, ಬೆರ್ಗೆಲ್ಸನ್, ಮಾರ್ಕಿಶ್, ಕ್ವಿಟ್ಕೊ, ಹೋಫ್‌ಸ್ಟೈನ್ ಒಬ್ಬೊಬ್ಬರಾಗಿ ಜೈಲು ಸೇರಿದರು. 1952ರ ಆಗಸ್ಟ್ 12ರಂದು ಈ ಐವರೂ ಸೇರಿ 13 ಜನರನ್ನು ಗುಂಡಿಟ್ಟು ಕೊಂದರು. ಹೊರಗಿನ ಜಗತ್ತಿಗೆ ಒಂದು ಮಾತೂ ಇಲ್ಲ.

ಅವರೆಲ್ಲ ಎಲ್ಲಿ ಅಂತ ಫೋರ್ವರ್ಟ್ಸ್ ಕೇಳುತ್ತಿತ್ತು. ಅದು ಸೋವಿಯತ್ ವಿರೋಧಿಗಳ ಅಪಪ್ರಚಾರ ಅಂತ ಫ್ರೈಹೈಟ್ ಹೇಳುತ್ತಿತ್ತು. 1956ರ ಏಪ್ರಿಲ್ 4ರಂದು ವಾರ್ಸಾದ ಫೋಲ್ಕ್ಸ್ ಶ್ಟಿಮೆ ಒಂದು ಲೇಖನ ಪ್ರಕಟಿಸಿತು. ತಲೆಬರಹದ ಅರ್ಥ 'ನಮ್ಮ ನೋವು, ನಮ್ಮ ಸಮಾಧಾನ'. ಸತ್ತವರ ಹೆಸರುಗಳು ಅದರಲ್ಲಿ ಇದ್ದವು. ಫೋರ್ವರ್ಟ್ಸ್ ಕೆಲವು ವಾರ ಮೊದಲೇ ಈ ಸುದ್ದಿ ಕೊಟ್ಟಿತ್ತು. ಫ್ರೈಹೈಟ್ ಓದುಗರು ಅದನ್ನು ಹೇಗೆ ನಂಬುತ್ತಾರೆ? ಎದುರಾಳಿಯ ಪತ್ರಿಕೆ ಅದು. ಫೋಲ್ಕ್ಸ್ ಶ್ಟಿಮೆ ಕಮ್ಯುನಿಸ್ಟರದೇ ಪತ್ರಿಕೆ. ಸಂಪಾದಕ ಹೆರ್ಶ್ ಸ್ಮೋಲಾರ್ ಯಹೂದಿಗಳನ್ನು ಕೂಡಿಹಾಕಿದ್ದ ಮಿನ್ಸ್ಕ್ ಘೆಟ್ಟೋದಲ್ಲಿ ನಾಜಿಗಳ ವಿರುದ್ಧ ಗುಪ್ತವಾಗಿ ಹೋರಾಡಿದವರು. ತಮ್ಮವರೇ ಹೇಳಿದ ಮೇಲೆ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಫ್ರೈಹೈಟ್ ಆ ಲೇಖನವನ್ನು ತಾನೂ ಅಚ್ಚುಹಾಕಿತು.

ನಿಮ್ಮ ಲೇಖನ ಇಲ್ಲಿದೆ. 1948ರಿಂದ 1956ರವರೆಗಿನ ಎಂಟು ವರ್ಷ. ಮೈದಾನದಲ್ಲಿ ಫೆಫರ್ ಮಾತು ಕೇಳಿದ್ದ ಒಬ್ಬ ದರ್ಜಿ ಆಮೇಲೆ ದಿನಾ ಫ್ರೈಹೈಟ್ ಬಿಡಿಸುತ್ತಾನೆ. ಆ ಕವಿಯ ಹೊಸ ಪದ್ಯ ಯಾಕೆ ಬರುತ್ತಿಲ್ಲ ಅಂತ ಅವನಿಗೆ ಅನ್ನಿಸಿರಲೇಬೇಕು. ಒಂದು ಪತ್ರಿಕೆ ತನ್ನ ಓದುಗನಿಗೆ ಇಷ್ಟು ವರ್ಷ ಸುಳ್ಳು ಹೇಳಿದ್ದು ನೆನೆದರೆ, ಸಂಪಾದಕನ ಕುರ್ಚಿಯಲ್ಲಿ ಕೂತ ನನಗೆ ಎದೆ ಭಾರವಾಗುತ್ತದೆ.

ಪೇಸಖ್ ನೋವಿಕ್ ಅವರನ್ನು 'ಪಕ್ಷದ ಗುಲಾಮ' ಎಂದು ಬರೆದದ್ದು ಸರಿಯಲ್ಲ. 1939ರಿಂದ 1988ರವರೆಗೆ ಫ್ರೈಹೈಟ್ ನಡೆಸಿದವರು ಅವರು. ಆ ವರ್ಷಗಳ ಸುಳ್ಳಿಗೆ ಅವರೂ ಹೊಣೆ, ಅದನ್ನು ನೇರವಾಗಿ ಬರೆಯಿರಿ. 1956ರ ನಂತರ ಅವರು ನಿಧಾನವಾಗಿ ಕಮ್ಯುನಿಸ್ಟ್ ಪಕ್ಷದಿಂದ ದೂರವಾದರು. 1970ರ ದಶಕದ ಆರಂಭದಲ್ಲಿ ಪಕ್ಷ ಅವರನ್ನು ಹೊರಹಾಕಿತು. ಅದನ್ನೂ ಬರೆಯಿರಿ. ಬೈಗುಳ ಬೇಡ.

ಯಿಡ್ಡಿಷ್ 'ಸತ್ತ ಭಾಷೆ' ಅನ್ನುವ ಕೊನೆಯ ಪುಟ ಪೂರ್ತಿ ಹೊಡೆದುಹಾಕಿ. ಸಂಪ್ರದಾಯನಿಷ್ಠ ಹಸೀದಿ ಯಹೂದಿಗಳ ಮನೆಗಳಲ್ಲಿ ಮಕ್ಕಳು ಇವತ್ತಿಗೂ ಅದನ್ನೇ ಆಡುತ್ತಾರೆ.

1956ರ ಏಪ್ರಿಲ್‌ನಿಂದ ಶುರು ಮಾಡಿ, ಅಲ್ಲಿಂದ ಹಿಂದಕ್ಕೆ ಹೋಗಿ. ಆ 13 ಜನರಲ್ಲಿ ಐವರ ಹೆಸರಾದರೂ ಮೊದಲ ಪುಟದಲ್ಲೇ ಬರಲಿ. ತಿದ್ದಿ ಕಳಿಸಿ, ನಾನೇ ಓದುತ್ತೇನೆ.