ಒಂದೇ ಬಯಾಪ್ಸಿ, ಎರಡು ರಿಪೋರ್ಟ್

ಪ್ರಶ್ನೆ: ಅಪ್ಪನಿಗೆ ಬಹಳ ದಿನದಿಂದ ಎದೆಯುರಿ. ಎಂಡೋಸ್ಕೊಪಿ ಮಾಡಿ, ಅನ್ನನಾಳ ಮತ್ತು ಜಠರ ಕೂಡುವಲ್ಲಿಂದ ಬಯಾಪ್ಸಿ ತೆಗೆದರು. ಒಂದು ಲ್ಯಾಬಿನವರು ‘ಬ್ಯಾರೆಟ್ಸ್ ಅನ್ನನಾಳ’ ಎಂದರು. ಅದೇ ಸ್ಲೈಡ್ ನೋಡಿದ ಹುಬ್ಬಳ್ಳಿಯ ಲ್ಯಾಬಿನವರು ‘ಜಠರದ ಇಂಟೆಸ್ಟೈನಲ್ ಮೆಟಾಪ್ಲೇಸಿಯಾ’ ಎಂದಿದ್ದಾರೆ. ವಿಶೇಷ ಬಣ್ಣ ಹಾಕಿಸಿದರೆ ಯಾವುದು ಸರಿ ಎಂದು ಗೊತ್ತಾಗುತ್ತದೆಯೇ?
– ಓದುಗರು, ಕುಮಟಾ

ಉತ್ತರ: ಅರ್ಧ ಗೊತ್ತಾಗುತ್ತದೆ. ಅನ್ನನಾಳದ ಒಳಪದರ ಕರುಳಿನದರಂತೆ ಬದಲಾದರೆ ಬ್ಯಾರೆಟ್ಸ್, ಜಠರದ ಒಳಪದರ ಹಾಗಾದರೆ ಜಠರದ ಇಂಟೆಸ್ಟೈನಲ್ ಮೆಟಾಪ್ಲೇಸಿಯಾ. ಕರುಳಿನಲ್ಲಿರಬೇಕಾದ, ಲೋಳೆ ತುಂಬಿದ ಗಾಬ್ಲೆಟ್ ಕೋಶಗಳು ಈ ತುಣುಕಿನಲ್ಲಿವೆ ಎಂದು ಇಬ್ಬರೂ ಹೇಳಿದ್ದಾರೆ. ಅವು ನಿಜಕ್ಕೂ ಗಾಬ್ಲೆಟ್ ಕೋಶಗಳೇ ಎಂಬುದನ್ನು ಬಣ್ಣ ತೋರಿಸುತ್ತದೆ. ತುಣುಕು ಅನ್ನನಾಳದ್ದೋ ಜಠರದ್ದೋ ಎಂಬುದನ್ನು ತೋರಿಸುವುದಿಲ್ಲ.

ಹಾಕಿಸಬೇಕಾದದ್ದು ಆಲ್ಸಿಯನ್ ಬ್ಲೂ–ಪಿಎಎಸ್ (ಪೀರಿಯಾಡಿಕ್ ಆಸಿಡ್–ಶಿಫ್) ಎಂಬ ಜೋಡಿ ಬಣ್ಣ. 3–4 ಮೈಕ್ರಾನ್ ದಪ್ಪದ ಸೆಕ್ಷನ್ನಿನ (ತುಣುಕಿನಿಂದ ಕೊಯ್ದ ತೆಳು ಪದರದ) ಮೇಣ ಬಿಡಿಸಿ, ಪಿಎಚ್ 2.5ರ ಆಲ್ಸಿಯನ್ ಬ್ಲೂನಲ್ಲಿ ಸುಮಾರು 30 ನಿಮಿಷ ಇಟ್ಟು ತೊಳೆದು, ಪೀರಿಯಾಡಿಕ್ ಆಮ್ಲ, ಆಮೇಲೆ ಶಿಫ್ ದ್ರಾವಣ ಹಾಕುತ್ತಾರೆ. ಗಾಬ್ಲೆಟ್ ಕೋಶದ ಆಮ್ಲೀಯ ಲೋಳೆ ದಟ್ಟ ನೀಲಿಯಾಗುತ್ತದೆ, ಜಠರದ ಮೇಲ್ಪದರದ ತಟಸ್ಥ ಲೋಳೆ ಕಡುಗುಲಾಬಿಯಾಗುತ್ತದೆ. ಎಡವುವುದು ಇಲ್ಲೇ. ಲೋಳೆ ತುಂಬಿ ಉಬ್ಬಿದ ಜಠರದ ಕೋಶಗಳೂ ಗಾಬ್ಲೆಟ್‌ನಂತೆ ಕಾಣುತ್ತವೆ, ಕೆಲವೊಮ್ಮೆ ತಿಳಿನೀಲಿಯನ್ನೂ ಹಿಡಿಯುತ್ತವೆ. ಆದರೆ ಅವು ಒತ್ತೊತ್ತಾಗಿ ಸಾಲುಗಟ್ಟಿರುತ್ತವೆ. ನಿಜವಾದ ಗಾಬ್ಲೆಟ್ ಬೇರೆ ಕೋಶಗಳ ನಡುವೆ ಬಿಡಿಬಿಡಿಯಾಗಿ, ದುಂಡನೆಯ ನೀಲಿ ಗುಳ್ಳೆಯಾಗಿ ನಿಂತಿರುತ್ತದೆ. ನೀಲಿ ಕಂಡ ಕೂಡಲೇ ಬ್ಯಾರೆಟ್ಸ್ ಎಂದು ಬರೆಯಬಾರದು. ಕೋಶದ ಪ್ರೋಟೀನ್ ಗುರುತಿಸುವ ಸಿಕೆ7, ಸಿಕೆ20 ಎಂಬ ದುಬಾರಿ ಬಣ್ಣಗಳನ್ನೂ ಜಾಗ ಗುರುತಿಸಲು ನೆಚ್ಚುವಂತಿಲ್ಲ. ಅದಕ್ಕಾಗಿ ದುಡ್ಡು ಸುರಿಯಬೇಡಿ.

ಜಾಗ ಹೇಳಬೇಕಾದವರು ಎಂಡೋಸ್ಕೊಪಿ ಮಾಡಿದ ವೈದ್ಯರು. ಜಠರದ ಮಡಿಕೆಗಳ ಮೇಲ್ತುದಿಯಿಂದ ಕನಿಷ್ಠ 1 ಸೆಂ.ಮೀ. ಮೇಲಕ್ಕೆ ಕೆಂಬಣ್ಣದ ಪದರ ಹಬ್ಬಿದ್ದು, ತುಣುಕು ಅಲ್ಲಿಯದೇ ಆಗಿದ್ದರೆ ಬ್ಯಾರೆಟ್ಸ್ ಎನ್ನಬಹುದು. ಈ ಅಳತೆಯನ್ನು ಬರೆಸಿಕೊಳ್ಳಿ. ತುಣುಕಿನಲ್ಲಿ ಅನ್ನನಾಳದ ಗ್ರಂಥಿಯೋ ಅದರ ನಾಳವೋ ಸಿಕ್ಕರೆ ಅದೂ ಗಟ್ಟಿ ಸಾಕ್ಷಿ.

ಇನ್ನೊಂದು ಅಭಿಪ್ರಾಯಕ್ಕೆ ಸ್ಲೈಡ್ ಜೊತೆ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಒಯ್ಯಿರಿ. ಬ್ಲಾಕ್ ವರ್ಷಗಟ್ಟಲೆ ಕೆಡುವುದಿಲ್ಲ, ಹೊಸ ಸೆಕ್ಷನ್ ಕೊಯ್ಯಬಹುದು. ಮತ್ತೆ ಬಯಾಪ್ಸಿ ತೆಗೆದರೆ ಅನ್ನನಾಳದ್ದು ಒಂದು ಬಾಟಲಿ, ಜಠರದ್ದು ಇನ್ನೊಂದು. ತುಣುಕಿನ ಹತ್ತು ಪಟ್ಟಾದರೂ 10% ಫಾರ್ಮಲಿನ್ ಇರಲಿ. ಸಲೈನ್‌ನಲ್ಲಿ ಹಾಕಿ ಕಳಿಸಿದರೆ, ನಮ್ಮ ಕರಾವಳಿಯ ಸೆಕೆಯಲ್ಲಿ ಘಟ್ಟ ಹತ್ತಿ ಹುಬ್ಬಳ್ಳಿ ಮುಟ್ಟುವುದರೊಳಗೆ ಕೋಶಗಳು ಕೆಡತೊಡಗುತ್ತವೆ.

ಜಠರದ್ದೇ ಎಂದಾದರೆ ಹೆಲಿಕೊಬ್ಯಾಕ್ಟರ್ ಪೈಲೊರಿ ಹುಡುಕಬೇಕು, ಅದಕ್ಕೆ ಜೀಮ್ಸಾ ಬಣ್ಣ ಸಾಕು. ಆದರೆ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್‌ನಂಥ ಗುಳಿಗೆ ನುಂಗುತ್ತಿದ್ದರೆ ಬ್ಯಾಕ್ಟೀರಿಯಾ ಕಣ್ಣಿಗೆ ಬೀಳದೇ ಹೋಗಬಹುದು. ವೈದ್ಯರನ್ನು ಕೇಳಿ, ಬಯಾಪ್ಸಿಗೆ ಎರಡು ವಾರ ಮೊದಲೇ ನಿಲ್ಲಿಸಿ. ಹೆಸರು ಯಾವುದೇ ಇರಲಿ, ಕ್ಯಾನ್ಸರಿಗೆ ಮುಂಚಿನ ಕೋಶ ಬದಲಾವಣೆ ಇದೆಯೋ ಇಲ್ಲವೋ ಎಂದು ತಿಳಿಯಲು ‘ಡಿಸ್‌ಪ್ಲೇಸಿಯಾ ಇದೆ’ ಅಥವಾ ‘ಇಲ್ಲ’ ಎಂಬ ಸಾಲು ರಿಪೋರ್ಟಿನಲ್ಲಿ ಇರಲೇಬೇಕು. ಇಲ್ಲವಾದರೆ ವಾಪಸ್ ಹೋಗಿ ಬರೆಸಿಕೊಂಡು ಬನ್ನಿ.